ಅಳತೆ ಬ್ಲೌಸಿಗೆ ಕತ್ತರಿ ಹಾಕಬಾರದು

ನ್ಯಾಮತಿಯಲ್ಲಿ ಬಸ್ಸಿಳಿದು ಸಂಧ್ಯಾರಾಣಿಯವರ ಮನೆ ಯಾವುದು ಎಂದು ಕೇಳಿ ನೋಡಿ, ಎದುರಿದ್ದವರು ತಲೆ ಕೆರೆದುಕೊಳ್ಳುತ್ತಾರೆ. ಮಿಕ್ಸಿಂಗ್ ಸಂಧ್ಯಕ್ಕ ಎನ್ನಿ, ಬಸ್ ಸ್ಟ್ಯಾಂಡಿನ ಹೂವಿನವಳು ಕಟ್ಟುತ್ತಿದ್ದ ಮಾಲೆ ಬಿಡದೆ ಗದ್ದದಲ್ಲೇ ದಾರಿ ತೋರಿಸುತ್ತಾಳೆ. ಮದುವೆಯ ವಿಡಿಯೋ ತೆಗೆಯುವವರು ಬೇರೆ. ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಮನೆಮಂದಿ ಕೂತು ನೋಡುವ ಹಾಗೆ ಮಾಡುವವರು ಬೇರೆ. ಈ ಎರಡನೆಯ ಕೆಲಸಕ್ಕೆ ನಮ್ಮ ಕಡೆ ಮಿಕ್ಸಿಂಗ್ ಅನ್ನುತ್ತಾರೆ. ಚನ್ನಗಿರಿ, ಹೊನ್ನಾಳಿ, ಅಷ್ಟು ದೂರದ ಜಗಳೂರು, ಎಲ್ಲಿಂದೆಲ್ಲಿಂದಲೋ ಕ್ಯಾಮೆರಾದವರು ಬಂದು ಸಂಧ್ಯಕ್ಕನ ಮಹಡಿ ಕೋಣೆಯಲ್ಲಿ ಕ್ಯಾಮೆರಾದ ಮೆಮೊರಿ ಕಾರ್ಡು ಕೊಟ್ಟು ಹೋಗುತ್ತಾರೆ. ಅವರ ಊರುಗಳಲ್ಲಿ ಮಿಕ್ಸಿಂಗ್ ಮಾಡುವವರಿಲ್ಲ ಎಂದಲ್ಲ, ಬೇಕಾದಷ್ಟು ಜನ ಇದ್ದಾರೆ. ಆದರೆ ಸಂಧ್ಯಕ್ಕನ ಕೈಗೆ ಕೊಟ್ಟದ್ದು ಕಳೆಯುವುದಿಲ್ಲ ಎಂಬ ಮಾತಿದೆ. ಆ ಮಾತು ಹುಟ್ಟಿದ್ದು ಅವಳು ಒಮ್ಮೆ ಪೂರ್ತಿ ಕಳೆದ ಮೇಲೆ. ಅದನ್ನು ಮೊದಲು ಹೇಳಿಬಿಡಬೇಕು.

ಸಂಧ್ಯಾರಾಣಿ ಮೊದಲು ಟೈಲರ್. ಮದುವೆಯಾಗಿ ನ್ಯಾಮತಿಗೆ ಬಂದ ವರ್ಷದಿಂದ ಹನ್ನೆರಡು ವರ್ಷ ಊರಿನ ಹೆಂಗಸರ ಬ್ಲೌಸು ಹೊಲಿದಳು. ಗಂಡ ಬಸವರಾಜ್ ನ್ಯಾಮತಿಗೂ ಹೊನ್ನಾಳಿಗೂ ಓಡುವ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಮನೆಯ ಕೆಳಗೆ ಪಂಚಾಕ್ಷರಪ್ಪ ಎನ್ನುವವರ ಫೋಟೋ ಸ್ಟುಡಿಯೋ ಇತ್ತು. ಅವರಿಗೆ ವಯಸ್ಸಾಗಿ ಕಣ್ಣು ಮಂಜಾಯಿತು. ಮಿಕ್ಸಿಂಗ್ ಕೆಲಸಕ್ಕೆ ಜನ ಹುಡುಕಿ ಹುಡುಕಿ ಸಾಕಾಗಿ ಒಂದು ದಿನ ಮಹಡಿ ಹತ್ತಿ ಬಂದರು.

“ನಿನಗೆ ಕತ್ತರಿ ಹಿಡಿಯಾಕೆ ಬರುತ್ತೆ, ಎಲ್ಲಿ ಹಾಕ್ಬೇಕು ಅನ್ನೋ ಕಣ್ಣೂ ಐತೆ. ಇದೂ ಅಷ್ಟೇ ಕಣಮ್ಮ, ಬಟ್ಟೆ ಕತ್ತರಿಸಿದಂಗೆ. ಬೇಕಾದ್ದು ಇಟ್ಕ, ಬ್ಯಾಡಾದ್ದು ಬಿಸಾಕು, ಜೋಡ್ಸು,” ಅಂದರು.

ಪಾಠ ಹೇಳಿದರೆ ಪೂರ್ತಿ ಹೇಳಬೇಕು. ಅರ್ಧ ಹೇಳಿ ಕೈ ತೊಳೆದುಕೊಳ್ಳುವ ಮೇಷ್ಟ್ರುಗಳಿಂದಲೇ ಅರ್ಧ ಲೋಕ ಹಾಳಾಗಿರುವುದು. ಆದರೂ ಸಂಧ್ಯಾರಾಣಿ ಬೇಗ ಕಲಿತಳು ಅನ್ನಬೇಕು. ಆಕಳಿಸುವ ಭಾವ, ಮೂಗು ಒರೆಸಿಕೊಳ್ಳುವ ಚಿಕ್ಕಪ್ಪ, ಊಟದ ಪಂಕ್ತಿಯಲ್ಲಿ ಕ್ಯಾಮೆರಾಗೆ ಬೆನ್ನು ತಿರುಗಿಸುವ ಬೀಗಿತ್ತಿ, ಎಲ್ಲರನ್ನೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದಳು. ಮೂರನೇ ತಿಂಗಳಿಗೆ ಚನ್ನಗಿರಿಯ ಕ್ಯಾಮೆರಾಮನ್ ವಿನೋದ್ ಒಂದು ಮದುವೆ ತಂದುಕೊಟ್ಟ. ನಲ್ಲೂರಿನ ಕೊಟ್ರಬಸಪ್ಪ, ಶಿವಗಂಗಮ್ಮ ದಂಪತಿಯ ಮಗಳು ರೂಪಶ್ರೀಯ ಮದುವೆ.

ನಾಲ್ಕು ದಿನ ಕೂತು ಜೋಡಿಸಿದಳು. ಜೋಡಿಸಿ ಮುಗಿದ ಸಂಜೆ, ಇನ್ನೇನು ಅದನ್ನು ಒಂದೇ ವಿಡಿಯೋ ಮಾಡಿ ಹೊರಗೆ ತೆಗೆಯಬೇಕು, ಕಂಪ್ಯೂಟರು ಜಾಗ ಸಾಲದು ಎಂದು ತಕರಾರು ತೆಗೆಯಿತು. ಟೈಲರಿಗೆ ಒಂದು ಅಭ್ಯಾಸ ಇರುತ್ತದೆ. ಹೊಲಿಗೆ ಮುಗಿದ ಕೂಡಲೇ, ಇಸ್ತ್ರಿ ಹಾಕುವ ಮುಂಚೆ, ಮೇಜಿನ ಕೆಳಗೆ ಬಿದ್ದ ಚೂರುಪಾರು ಗುಡಿಸಿ ಎಸೆಯುವುದು. ವಿನೋದ್ ಕೊಟ್ಟ ಕ್ಲಿಪ್ಪುಗಳ ಫೋಲ್ಡರ್ ಅಲ್ಲೇ ಮೈ ಚೆಲ್ಲಿಕೊಂಡು ಬಿದ್ದಿತ್ತು. ಬೇಕಾದ ತುಂಡನ್ನೆಲ್ಲ ಆಗಲೇ ಕತ್ತರಿಸಿ ಜೋಡಿಸಿದ್ದಾಗಿದೆ, ಉಳಿದದ್ದು ಚೂರು ಎಂದುಕೊಂಡು ಪೂರ್ತಿ ಅಳಿಸಿದಳು. ಅಚ್ಚುಕಟ್ಟಿನ ಹೆಂಗಸು ನೋಡಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ತಿರುಗಿ ನೋಡಿದರೆ ನಾಲ್ಕು ದಿನ ಜೋಡಿಸಿದ ಮದುವೆ ಈ ತುದಿಯಿಂದ ಆ ತುದಿಯವರೆಗೆ ಬರೀ ಕೆಂಪು ಪಟ್ಟಿ.

ಪಂಚಾಕ್ಷರಪ್ಪ ಹೇಳದೆ ಬಿಟ್ಟ ಅರ್ಧ ಪಾಠ ಇದು: ಕಂಪ್ಯೂಟರು ಕತ್ತರಿಸುವುದೇ ಇಲ್ಲ. ಕತ್ತರಿಸಿದ ಹಾಗೆ ತೋರಿಸುತ್ತದೆ. ಆ ಫೈಲಿನಲ್ಲಿ ಇಲ್ಲಿಂದ ಇಲ್ಲಿವರೆಗೆ ತೋರಿಸು, ಆಮೇಲೆ ಈ ಫೈಲಿನಲ್ಲಿ ಅಲ್ಲಿಂದ ಅಲ್ಲಿವರೆಗೆ ತೋರಿಸು ಎಂದು ಒಂದು ಚೀಟಿ ಬರೆದುಕೊಳ್ಳುತ್ತದೆ, ಅಷ್ಟೇ. ಮೂಲ ಫೈಲು ಹೋದರೆ ಕೈಯಲ್ಲಿ ಉಳಿಯುವುದು ಚೀಟಿ. ವಿನೋದನಿಗೆ ಫೋನು ಮಾಡಿದರೆ ಅವನು ಆ ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಮೇಲೊಂದು ಗೃಹಪ್ರವೇಶವನ್ನೂ ತುಂಬಿಕೊಂಡಿದ್ದ. “ಅಯ್ಯೋ, ಮೂಲ ಅಳಿಸ್ಬಾರ್ದು ಅಂತ ನಾನು ಹೇಳಿರ್ಲಿಲ್ವಾ?” ಎಂದು ಪಂಚಾಕ್ಷರಪ್ಪ ಕೇಳಿದರು. ಹೇಳಿರಲಿಲ್ಲ.

ಇನ್ನೊಬ್ಬಳಾಗಿದ್ದರೆ ಕಾರ್ಡೇ ಕೆಟ್ಟಿತ್ತು ಎಂದು ವಿನೋದನ ತಲೆಗೆ ಕಟ್ಟುತ್ತಿದ್ದಳು. ಸಂಧ್ಯಾರಾಣಿ ಬಸ್ಸು ಹತ್ತಿ ನಲ್ಲೂರಿಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ಕೊಟ್ರಬಸಪ್ಪ ಕೇಳಿ, “ವಿಡಿಯೋ ಹೋದ್ರೆ ಮದುವೆ ಸುಳ್ಳಾಗುತ್ತೇನ್ರಿ, ಹೋಗ್ಲಿ ಬಿಡ್ರಿ,” ಎಂದು ಎದ್ದು ಹೋದರು. ಶಿವಗಂಗಮ್ಮ ಬೈಯುತ್ತಾಳೆ ಎಂದು ಇವಳು ತಲೆ ಬಗ್ಗಿಸಿ ಕಾದಿದ್ದಳು. ಆಕೆ ಬೈಯಲಿಲ್ಲ.

“ತಾಳಿ ಕಟ್ಟೋವಾಗ ರೂಪ ನಗ್ತಾ ಇದ್ಲಂತೆ ಕಣವ್ವ, ಎಲ್ಲಾರೂ ಹೇಳ್ತಾರೆ. ನಾನು ನೋಡ್ಲಿಲ್ಲ. ಬೀಗರ ಕಡೇರಿಗೆ ಎಲೆ ಸಾಲ್ದು ಅಂತ ಉಗ್ರಾಣಕ್ಕೆ ಓಡಿದ್ದೆ. ಆಮೇಲೆ ವಿಡಿಯೋದಾಗೆ ನೋಡಿದ್ರಾತು ಅಂತ ಸುಮ್ನಾಗಿದ್ದೆ,” ಅಂದಳು. ಅಂದು, ಒಳಗೆ ಹೋಗಿ ಕಾಫಿ ತಂದಿಟ್ಟಳು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಬೈದಿದ್ದರೆ ಇಳಿಯುತ್ತಿತ್ತೇನೋ ಎಂದು ಈಗಲೂ ಸಂಧ್ಯಾರಾಣಿ ಹೇಳುತ್ತಾಳೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇದೆ. ಜನ ಅದನ್ನು ಹಾಸ್ಯಕ್ಕೆ ಹೇಳುತ್ತಾರೆ. ಆದರೆ ಕೋಟೆ ಒಂದೇ ಸಲ ಸೂರೆ ಹೋಗುತ್ತದೆಯೇ? ಬಾಗಿಲು ಹಾಕುವುದು ಯಾವತ್ತಿದ್ದರೂ ಒಳ್ಳೆಯದೇ. ಸಂಧ್ಯಾರಾಣಿ ಹಾಕಿದಳು, ಅದೂ ಟೈಲರಿನ ಬುದ್ಧಿಯಲ್ಲೇ. ಹೆಂಗಸರು ಹೊಸ ಬಟ್ಟೆಯ ಜೊತೆಗೆ ಅಳತೆಗೆಂದು ಹಳೆಯ ಬ್ಲೌಸು ಕೊಡುತ್ತಾರಲ್ಲ, ಆ ಅಳತೆ ಬ್ಲೌಸಿಗೆ ಎಂಥ ಟೈಲರೂ ಕತ್ತರಿ ಹಾಕುವುದಿಲ್ಲ. ಚೀಟಿ ಕಟ್ಟಿ ಬೇರೆ ಇಟ್ಟು, ಹೊಲಿಗೆ ಮುಗಿದ ಮೇಲೆ ಜೋಪಾನವಾಗಿ ವಾಪಸು ಕೊಡುತ್ತಾರೆ. ಕ್ಯಾಮೆರಾದ ಮೂಲ ಫೈಲು ಅಂದರೆ ಅಳತೆ ಬ್ಲೌಸು, ಕತ್ತರಿ ಆಡಿಸುವುದಿದ್ದರೆ ಅದರ ನಕಲಿನ ಮೇಲೆ ಮಾತ್ರ ಎಂದು ತನಗೆ ತಾನೇ ಕಟ್ಟು ಹಾಕಿಕೊಂಡಳು.

ಅಲ್ಲಿಂದಾಚೆ ಕಾರ್ಡು ಬಂದರೆ ಮೊದಲು ಅದನ್ನಿಟ್ಟ ಪುಟ್ಟ ಚೀಲಕ್ಕೆ ಕೆಂಪು ದಾರ ಕಟ್ಟುತ್ತಾಳೆ. ಕೆಂಪು ದಾರ ಇರುವವರೆಗೆ ಆ ಕಾರ್ಡನ್ನು ಯಾರೂ ಮುಟ್ಟುವಂತಿಲ್ಲ. ಎರಡು ಡಿಸ್ಕಿಗೆ ನಕಲು ಮಾಡಿ, ನಕಲನ್ನು ತೆರೆದು ಅಲ್ಲಲ್ಲಿ ಓಡಿಸಿ ನೋಡಿದ ಮೇಲೆ ಹಸಿರು ದಾರ, ಅಂದರೆ ಕಾರ್ಡನ್ನು ಅಳಿಸಿ ಮತ್ತೆ ಬಳಸಬಹುದು. ಒಂದು ಡಿಸ್ಕು ಮಹಡಿಯಲ್ಲಿ ಇರುತ್ತದೆ, ಮಿಕ್ಸಿಂಗಿಗೆ ಅದರಿಂದ ಕಂಪ್ಯೂಟರಿಗೆ ಇನ್ನೊಂದು ನಕಲು. ಇನ್ನೊಂದನ್ನು ಬಸವರಾಜ್ ತನ್ನ ಬಸ್ಸಿನಲ್ಲಿ ಹೊನ್ನಾಳಿಗೆ ಒಯ್ದು, ಅಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಅವಳ ತಂಗಿ ಅರುಣಾಳ ಕೈಗೆ ಕೊಡುತ್ತಾನೆ. ಬೆಂಕಿಯೋ ಕಳ್ಳರೋ ಬಂದರೂ ಎರಡು ಊರಿಗೆ ಒಂದೇ ದಿನ ಬರುವುದಿಲ್ಲ ಎಂಬುದು ಅವಳ ಲೆಕ್ಕ. ಕ್ಯಾಮೆರಾದವರು ನಗುತ್ತಿದ್ದರು. “ಸಂಧ್ಯಕ್ಕಾ, ಮದುಮಗಳಿಗೂ ಇಷ್ಟು ದಾರ ಕಟ್ಟಿರಲಿಲ್ಲ,” ಎಂದು ವಿನೋದ್ ರೇಗಿಸುತ್ತಿದ್ದ. ನಗಲಿ. ಒಂಬತ್ತು ವರ್ಷದಲ್ಲಿ ಒಂದು ಕ್ಲಿಪ್ಪು ಕಳೆಯಲಿಲ್ಲ.

ಒಂಬತ್ತು ವರ್ಷ ಆದ ಮೇಲೆ, ಹೇಳೋದು ಶಾಸ್ತ್ರ ತಿನ್ನೋದು ಬದನೆಕಾಯಿ ಅನ್ನುವ ಕಾಲ ಅವಳಿಗೂ ಬಂತು. ಮಾಘ ಮಾಸ, ದಿನಕ್ಕೆ ಮೂರು ಮೂರು ಮುಹೂರ್ತ. ಜಗಳೂರಿನ ಕ್ಯಾಮೆರಾಮನ್ ಕಲ್ಲೇಶ್ ಸೊಕ್ಕೆ ಊರಿನವರ ಮದುವೆಯೊಂದನ್ನು ತಂದ. ಹುಡುಗಿ ಸುನೀತಾ. ತಂದೆ ಇಲ್ಲ. ದೊಡ್ಡಪ್ಪ ಗೋಣೆಪ್ಪನೂ ಅವರ ಹೆಂಡತಿಯೂ ಧಾರೆ ಎರೆದಿದ್ದಾರೆ. ಸಂಧ್ಯಾರಾಣಿ ಎರಡು ಡಿಸ್ಕಿಗೆ ನಕಲು ಮಾಡಿದಳು, ಒಂದನ್ನು ಹೊನ್ನಾಳಿಗೆ ಕಳಿಸಿದಳು. ಆದರೆ ಕಳಿಸುವ ಮುಂಚೆ ತೆರೆದು ನೋಡಲಿಲ್ಲ, ಪುರುಸೊತ್ತಿರಲಿಲ್ಲ. ಕೆಲಸಕ್ಕೆಂದು ಇನ್ನೊಂದು ನಕಲು ಮಾಡಲು ಕಂಪ್ಯೂಟರಿನಲ್ಲಿ ಜಾಗವೂ ಇರಲಿಲ್ಲ. ಮಹಡಿಯಲ್ಲಿ ಮೂಲವೆಂದು ಇಟ್ಟ ಡಿಸ್ಕನ್ನೇ ಚುಚ್ಚಿಕೊಂಡು ಮಿಕ್ಸಿಂಗಿಗೆ ಕೂತಳು. ಕಲ್ಲೇಶನ ಕಾರ್ಡಿಗೆ ಹಸಿರು ದಾರ ಕಟ್ಟಿ ಕಳಿಸಿಯೂ ಆಯಿತು.

ಮಿಕ್ಸಿಂಗಿಗೆ ಮನೆಯ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕೂರುವುದು ನಮ್ಮ ಕಡೆಯ ರೂಢಿ. ಇವರು ಸೋದರಮಾವ, ಸರಿಯಾಗಿ ಕಾಣಬೇಕು. ಇವರು ಬರೀ ಊಟಕ್ಕೆ ಬಂದವರು, ಸಾಕು. ಹೀಗೆ ಹೇಳುವುದಕ್ಕೆ ಒಬ್ಬರು ಬೇಕಲ್ಲ. ಗೋಣೆಪ್ಪ ಎರಡು ದಿನ ಬಂದು ಕೂತರು. ಬಿಳಿ ಪಂಚೆ, ಹೆಗಲಿಗೆ ಟವೆಲ್ಲು, ಒಳ್ಳೆಯ ಮನುಷ್ಯ. ಎರಡನೇ ದಿನ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ ಎರಡನೇ ಕ್ಯಾಮೆರಾದ ಕ್ಲಿಪ್ಪು ಬಂತು. ಕಲ್ಯಾಣಮಂಟಪದ ಒಂದು ಪಕ್ಕದಿಂದ ಇಡೀ ಸಭಾಂಗಣ ಕಾಣುವ ಹಾಗೆ ಇಟ್ಟಿದ್ದ ಕ್ಯಾಮೆರಾ. ಬಲಗಡೆಗೆ ವೇದಿಕೆ, ಎಡ ಅಂಚಿನಲ್ಲಿ ಅಡಿಗೆಮನೆಯ ಬಾಗಿಲು. ತಾಳಿ ಕಟ್ಟುವ ಹೊತ್ತಿಗೆ ಆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಗೋಣೆಪ್ಪ ನೆಟ್ಟಗೆ ಕೂತರು.

“ಅದನ್ನ ತೆಗೀರಿ.”

“ಯಾರು ಇವ್ರು?”

“ನಮ್ಮ ತಮ್ಮನ ಹೆಂಡ್ತಿ, ಸಾವಂತ್ರಮ್ಮ. ಹುಡುಗಿ ತಾಯಿ.” ಗೋಣೆಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಗಂಡ ಇಲ್ಲದಾಕಿ. ಮುಹೂರ್ತ ಆಗೋತನಕ ಹೊರಗೆ ಬರಬ್ಯಾಡ ಅಂತ ಹೇಳಿದ್ವಿ, ಬಂದ್ಬಿಟ್ಟಾಳೆ. ಬೀಗರು ಈ ವಿಡಿಯೋ ನೋಡಿದ್ರೆ ನಾಳೆ ಅಲ್ಲಿ ಏನೇ ಆದ್ರೂ ಇದನ್ನೇ ಎತ್ತಿ ಆಡ್ತಾರೆ. ನಾವು ಹೆಣ್ಣು ಕೊಟ್ಟೋರು ಕಣಮ್ಮ.”

ಆ ಮಾತು ಕೇಳಿ ಸಂಧ್ಯಾರಾಣಿಗೆ ಮೈ ಉರಿಯಿತು. ಹೆತ್ತವಳು ಬಾಗಿಲಲ್ಲಿ ನಿಂತರೆ ಕೆಡುವ ಮುಹೂರ್ತ ಅದೆಂಥ ಮುಹೂರ್ತ? ಆದರೆ ಮಿಕ್ಸಿಂಗಿನವಳು ಬೇರೆಯವರ ಮನೆಯ ನ್ಯಾಯ ಮಾಡುವುದಿಲ್ಲ, ಹೇಳಿದ್ದನ್ನು ತೆಗೆಯುತ್ತಾಳೆ. ಆ ನಾಲ್ಕು ನಿಮಿಷ ತೆಗೆದು ಬೇರೆ ಕ್ಯಾಮೆರಾದ್ದು ಜೋಡಿಸಿದಳು.

“ಇಲ್ಲಿ ತಗದ್ರಿ ಸರಿ. ಒಳಗೆ ಮೂಲದಾಗೂ ಇರಬಾರ್ದು. ಅಳಿಸ್ಬಿಡ್ರಿ,” ಅಂದರು ಗೋಣೆಪ್ಪ.

“ಅದು ಆಗಲ್ಲ ಯಜಮಾನ್ರೇ. ಅಳತೆ ಬ್ಲೌಸಿಗೆ ನಾನು ಕತ್ತರಿ ಹಾಕಲ್ಲ.”

ಗೋಣೆಪ್ಪನಿಗೆ ಬ್ಲೌಸಿನ ಮಾತು ಎಲ್ಲಿಂದ ಬಂತು ಎಂದು ತಿಳಿಯಲಿಲ್ಲ. ಸಂಧ್ಯಾರಾಣಿ ಕಾಫಿ ತರಲು ಅಡಿಗೆ ಮನೆಗೆ ಹೋದಳು. ಎರಡು ದಿನದಿಂದ ಅವಳ ಕೈ ನೋಡಿ ನೋಡಿ ಅವರಿಗೂ ಅಷ್ಟಿಷ್ಟು ಬಂದಿತ್ತು. ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಆ ಕ್ಲಿಪ್ಪಿನ ಪೂರ್ತಿ ಫೈಲನ್ನೇ ಹಿಡಿದು ಅಳಿಸಿದ್ದರು. ಜೋಡಿಸಿದ ಮದುವೆಯ ನಡುವೆ ಎಂಟು ಹತ್ತು ಕಡೆ ಕೆಂಪು ಪಟ್ಟಿ.

“ಏನ್ ಮಾಡಿದ್ರಿ?”

“ನೀವು ಒಲ್ಲೆ ಅಂದ್ರಿ, ನಾನೇ ಮಾಡ್ದೆ. ಅಳಿಸ್ಲಾ ಅಂತ ಅದು ಎರಡು ಸಲ ಕೇಳ್ತು. ಎರಡು ಸಲಾನೂ ಹೂಂ ಅಂತ ಒತ್ತಿದೆ.”

ಸಂಧ್ಯಾರಾಣಿ ಜಗಳಕ್ಕೆ ನಿಲ್ಲದೆ ಲೋಟ ಅವರ ಮುಂದಿಟ್ಟಳು. ಹೊನ್ನಾಳಿಯಲ್ಲಿ ಇನ್ನೊಂದಿದೆ ಎಂಬ ಧೈರ್ಯ. ಅದನ್ನು ಇವರಿಗೆ ಹೇಳಿದರೆ ನಾಳೆ ಹೊನ್ನಾಳಿಗೂ ಹೋಗಿ ಹೂಂ ಅಂತ ಒತ್ತಿ ಬರುತ್ತಾರೆ. ಕೆಂಪು ಬಿದ್ದ ಜಾಗಕ್ಕೆಲ್ಲ ಬೇರೆ ಕ್ಯಾಮೆರಾದ್ದು ಹಾಕಿ ಮುಗಿಸಿ ಕೊಟ್ಟಳು. ಗೋಣೆಪ್ಪ ದೊಡ್ಡ ಭಾರ ಇಳಿಸಿಕೊಂಡವರ ಹಾಗೆ ಹೋದರು. ಬಿಡುವಾದಾಗ ಹೊನ್ನಾಳಿಯ ಡಿಸ್ಕು ತೆರೆದು ನೋಡಬೇಕು ಎಂದುಕೊಂಡಳು. ಮಾಘ ಹೋಗಿ ಫಾಲ್ಗುಣ ಬಂತು, ಆಮೇಲೆ ವೈಶಾಖದ ಮದುವೆಗಳು ಬಂದವು. ಮರೆತಳು.

ಎಂಟು ತಿಂಗಳಾದ ಮೇಲೆ, ಆಯುಧಪೂಜೆಯ ಕುಂಕುಮ ಇನ್ನೂ ಕಂಪ್ಯೂಟರಿನ ಮೇಲೆ ಇರುವಾಗ, ಮಧ್ಯಾಹ್ನ ಒಬ್ಬ ಹೆಂಗಸು ಮಹಡಿ ಹತ್ತಿ ಬಂದಳು. ಐವತ್ತರ ಆಸುಪಾಸು, ಕೈಯಲ್ಲಿ ವೈರಿನ ಬುಟ್ಟಿ. ಸಂಧ್ಯಾರಾಣಿ ಆ ಮುಖವನ್ನು ಒಮ್ಮೆ ಮಾತ್ರ, ಅದೂ ಪರದೆಯ ಅಂಚಿನಲ್ಲಿ ಕಂಡದ್ದು. ಆದರೂ ಗುರುತು ಹತ್ತಿತು.

“ಸೊಕ್ಕೆಯಿಂದ ಬಂದೆ ಕಣವ್ವ. ಬೆಳಿಗ್ಗೆ ಬಿಟ್ಟೋಳು, ಮೂರು ಬಸ್ ಆತು. ಕಲ್ಲೇಶಪ್ಪ ನಿಮ್ಮ ಹೆಸರು ಹೇಳಿದ,” ಅಂದಳು ಸಾವಂತ್ರಮ್ಮ. ನೀರು ಕುಡಿದಳು. ಆಮೇಲೆ ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದವಳ ಹಾಗೆ ಒಂದೇ ಉಸಿರಿಗೆ ಹೇಳಿದಳು. “ಸುನೀತಾಗೆ ಈಗ ಏಳು ತಿಂಗಳು. ಚೊಚ್ಚಲು. ಬಾಣಂತನಕ್ಕೆ ಮನೆಗೆ ಬಾರವ್ವ ಅಂದ್ರೆ ಒಲ್ಲೆ ಅಂತಾಳೆ. ನಾದಿನಿ ಮನ್ಯಾಗೆ ಮಾಡಿಸ್ಕಂತೀನಿ, ನೀನೇನೂ ಬ್ಯಾಡ ಅಂತಾಳೆ. ಯಾಕೆ ಅಂದ್ರೆ, ನನ್ನ ತಲಿ ಮ್ಯಾಲೆ ನಾಕು ಅಕ್ಕಿಕಾಳು ಹಾಕಾಕೆ ನೀನು ಅಡಿಗೆಮನೆ ಬಿಟ್ಟು ಬರಲಿಲ್ಲ, ಯಾರೋ ಬ್ಯಾಡ ಅಂದ್ರೆ ಕೂತ್ಬಿಡ್ತೀಯಾ ಅಂತಾಳೆ. ಬಂದಿದ್ದೆ ಕಣೇ ಅಂದ್ರೆ, ಹಂಗಾರೆ ವಿಡಿಯೋದಾಗೆ ಎಲ್ಲಿ ಅದೀಯಾ ತೋರ್ಸು ಅಂತಾಳೆ. ನಾನು ಬಂದಿದ್ದೆನಲ್ಲವ್ವ. ನಿಮ್ಮ ಮಿಷಿನ್ನಿನಾಗೆ ಇರಬೇಕಲ್ಲ?”

ಸಂಧ್ಯಾರಾಣಿ ಏನು ಹೇಳಬೇಕು? ಗೋಣೆಪ್ಪ ಅಳಿಸಿದ್ದನ್ನು ಹೇಳಿದಳು. ಅದಕ್ಕೆ ದಾರಿ ಮಾಡಿಕೊಟ್ಟವಳು ತಾನೇ, ಮೂಲವನ್ನೇ ಮುಂದಿಟ್ಟುಕೊಂಡು ಕೂತಿದ್ದೆ ಎಂಬುದನ್ನೂ ಮುಚ್ಚಿಡದೆ ಹೇಳಿದಳು. ಸಾವಂತ್ರಮ್ಮನ ಮುಖ ಇಳಿಯಿತು. ಹೊನ್ನಾಳಿಯಲ್ಲಿ ಇನ್ನೊಂದು ನಕಲಿದೆ ಎಂದಾಗ ಸ್ವಲ್ಪ ಎದ್ದಿತು.

“ಅದರಾಗೆ ಐತಲ್ಲ?”

“ಇರಬೇಕು. ಆದ್ರೆ ನಾನು ತೆರೆದು ನೋಡಿಲ್ಲಮ್ಮ. ಸುಳ್ಳು ಹೇಳಲ್ಲ.”

ತೆರೆದು ನೋಡದ ನಕಲು ನಕಲೇ ಅಲ್ಲ ಎಂದು ಕೆಲಸ ಕಲಿಯಲು ಬಂದ ಎಷ್ಟು ಹುಡುಗರಿಗೆ ಪಾಠ ಹೇಳಿದ್ದಳೋ ಲೆಕ್ಕವಿಲ್ಲ. ನಕಲಾಗುವಾಗ ನಡುವೆ ನಿಂತಿರಬಹುದು, ಅರ್ಧ ಫೈಲು ಬಂದಿರಬಹುದು, ಎಂಟು ತಿಂಗಳು ಬೀರುವಿನಲ್ಲಿ ಬಿದ್ದು ಡಿಸ್ಕೇ ಕೆಟ್ಟಿರಬಹುದು. ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಣ್ಣಬೇಕಾದವಳು ಇನ್ನೊಬ್ಬಳು. ಅದೇ ಅವಳಿಗೆ ತಡೆಯದಾಯಿತು. ನಲ್ಲೂರಿನ ಕಾಫಿ ನೆನಪಾಯಿತು. ಬಾಗಿಲಿಗೆ ಬೀಗ ಹಾಕಿ, ಸಾವಂತ್ರಮ್ಮನನ್ನು ಕರೆದುಕೊಂಡು ಗಂಡನ ಬಸ್ಸಿಗೇ ಹತ್ತಿದಳು. ಬಸವರಾಜ್ ಇಬ್ಬರ ಮುಖ ನೋಡಿ ಯಾವತ್ತಿನ ತಮಾಷೆ ಮಾಡಲಿಲ್ಲ. “ಮುಂದೆ ಕೂತ್ಕಳ್ರಿ, ಅಲ್ಲಿ ಕುಲುಕಲ್ಲ,” ಅಂದ ಅಷ್ಟೇ.

ಅರುಣಾಳ ಜೆರಾಕ್ಸ್ ಅಂಗಡಿಯಲ್ಲಿ ಯಾವಾಗಲೂ ನಾಲ್ಕು ಜನ ನಿಂತಿರುತ್ತಾರೆ. ನಕಲು ತೆಗೆಸಿಕೊಂಡು ಮೂಲವನ್ನು ಮಿಷಿನ್ನಿನ ಗಾಜಿನ ಮೇಲೇ ಬಿಟ್ಟು ಹೋಗುವುದು ಜನರ ಚಾಳಿ. ಆಧಾರ್ ಕಾರ್ಡು, ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡು, ಒಂದಲ್ಲ ಎರಡಲ್ಲ. ಅದಕ್ಕೇ ಅರುಣಾ ಹೋಗುವವರ ಬೆನ್ನಿಗೆಲ್ಲ “ಒರಿಜಿನಲ್ ತಗಂಡ್ರೇನ್ರಿ?” ಎಂದು ಕೂಗುತ್ತಲೇ ಇರುತ್ತಾಳೆ. ಅವತ್ತೂ ಹಾಗೆ ಕೂಗುತ್ತಲೇ, ಅಕ್ಕ ಬಂದದ್ದು ನೋಡಿ, ಬೀರುವಿನಿಂದ ಹಾಳೆಯ ಕಟ್ಟುಗಳ ಹಿಂದಿದ್ದ ಚೀಲ ತೆಗೆದುಕೊಟ್ಟಳು. ಬ್ಲೌಸ್ ಪೀಸಿನಲ್ಲಿ ಹೊಲಿದ ಚೀಲ, ಸೊಕ್ಕೆ ಎಂದು ಚೀಟಿ.

ಸಂಧ್ಯಾರಾಣಿ ಅಂಗಡಿಯ ಕಂಪ್ಯೂಟರಿಗೆ ಡಿಸ್ಕು ಚುಚ್ಚಿದಳು. ಏನೂ ಬರಲಿಲ್ಲ. ತೆಗೆದು, ವೈರು ಬದಲಾಯಿಸಿ ಮತ್ತೆ ಚುಚ್ಚಿದಳು. ಸಣ್ಣಗೆ ಗುಂಯ್ ಎಂದಿತು. ಫೋಲ್ಡರ್ ಬಂತು. ಎರಡನೇ ಕ್ಯಾಮೆರಾದ ಫೈಲೂ ಬಂತು. ಸಂಧ್ಯಾರಾಣಿ ಮೊದಲು ಅದರ ಕೊನೆಗೆ ಹೋಗಿ ನೋಡಿದಳು, ಪೂರ್ತಿ ಇತ್ತು. ಅಪ್ಪಾ ದೇವರೇ ಎಂದು ಬಾಯಿಬಿಟ್ಟೇ ಅಂದಳು. ಆಮೇಲೆ ತಾಳಿ ಕಟ್ಟುವ ಜಾಗಕ್ಕೆ ಬಂದು ನಿಲ್ಲಿಸಿ, ಸಾವಂತ್ರಮ್ಮನಿಗೆ ಸ್ಟೂಲು ಎಳೆದು ಕೊಟ್ಟಳು.

ವೇದಿಕೆಯ ಮೇಲೆ ಸುನೀತಾ ತಲೆ ಎತ್ತಿ ಅಡಿಗೆಮನೆಯ ಬಾಗಿಲ ಕಡೆ ನೋಡುತ್ತಾಳೆ. ಬಾಗಿಲು ಖಾಲಿ. ಸ್ವಲ್ಪ ಹೊತ್ತಿಗೆ ಮತ್ತೆ ನೋಡುತ್ತಾಳೆ, ಖಾಲಿ. ಗಟ್ಟಿಮೇಳ ಎನ್ನುತ್ತಾರೆ. ಕುರ್ಚಿಯಲ್ಲಿದ್ದವರೆಲ್ಲ ಎದ್ದು ನಿಂತು ಅಕ್ಕಿಕಾಳು ಎಸೆಯತೊಡಗುತ್ತಾರೆ. ಅವರ ಬೆನ್ನ ಹಿಂದೆ ವೇದಿಕೆ ಮರೆಯಾಗುತ್ತದೆ, ಬಾಸಿಂಗದ ತುದಿ ಮಾತ್ರ ಕಾಣುತ್ತದೆ. ಆಗ ಸಾವಂತ್ರಮ್ಮ ಬಾಗಿಲಿಗೆ ಬರುತ್ತಾಳೆ. ಒಂದು ಕಾಲು ಹೊಸಿಲಿನ ಹೊರಗೆ, ಒಂದು ಒಳಗೆ. ಆ ಕಡೆ ಈ ಕಡೆ ನೋಡಿ, ಬಲಗೈ ಮುಷ್ಟಿ ಬಿಚ್ಚಿ, ಜನರ ತಲೆಯ ಮೇಲಿಂದ ವೇದಿಕೆಗೆ ಮುಟ್ಟಲಿ ಎಂದು ಕೈ ಬೀಸಿ ಎಸೆಯುತ್ತಾಳೆ. ಎರಡು ಸಾಲು ಕುರ್ಚಿಯನ್ನೂ ಅದು ದಾಟುವುದಿಲ್ಲ. ಆಮೇಲೆ ಅವಳು ಕುಕ್ಕರಗಾಲಲ್ಲಿ ಕೂತು ನೆಲದಿಂದ ಏನನ್ನೋ ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಾಳೆ. ಗೋಣೆಪ್ಪನ ಹೆಂಡತಿ ಬಂದು ಏನೋ ಅಂದಾಗ ಎದ್ದು ಒಳಗೆ ಹೋಗುತ್ತಾಳೆ. ಜನ ಕೂರುತ್ತಾರೆ. ಸುನೀತಾ ಮೂರನೇ ಸಲ ಬಾಗಿಲ ಕಡೆ ನೋಡುತ್ತಾಳೆ. ಖಾಲಿ.

ಆಧಾರ್ ಕಾರ್ಡು ಹಿಡಿದು ನಿಂತಿದ್ದವರು ಎರಡೂ ಕಡೆ ತೆಗೀರಿ ಎನ್ನುವುದನ್ನು ಮರೆತು ನಿಂತಿದ್ದರು.

“ಮೂರು ಸಲ ನೋಡ್ಯಾಳೆ,” ಅಂದಳು ಸಾವಂತ್ರಮ್ಮ.

ಸಂಧ್ಯಾರಾಣಿ ಮೂಲವನ್ನು ಮುಟ್ಟದೆ ಆ ನಾಲ್ಕು ನಿಮಿಷದ ನಕಲು ತೆಗೆದು, ಸಾವಂತ್ರಮ್ಮ ಬಾಯಲ್ಲಿ ಹೇಳಿದ ನಂಬರಿಗೆ ಅರುಣಾಳ ಫೋನಿನಿಂದ ಸುನೀತಾಗೆ ಕಳಿಸಿದಳು. ನಿಮ್ಮ ತಾಯಿ ಇಲ್ಲೇ ಇದ್ದಾರೆ ಎಂದಷ್ಟೇ ಕೆಳಗೆ ಬರೆದಳು. ಆಮೇಲೆ ಕಾದರು. ನಾಲ್ಕು ನಿಮಿಷ ಕಳೆಯಿತು, ಹತ್ತು ನಿಮಿಷ ಕಳೆಯಿತು. ಅರುಣಾ ಮೂರು ಜನರ ಜೆರಾಕ್ಸ್ ಮುಗಿಸಿದಳು. ಫೋನು ರಿಂಗಾದಾಗ ಸಾವಂತ್ರಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಕೆಗೆ ಹೆಂಗೆ ಮಾಡಬೇಕೋ ತಿಳಿಯದು ಎಂದು ಅರುಣಾಳೇ ಸ್ಪೀಕರ್ ಒತ್ತಿದಳು.

“ಅವ್ವಾ.” ಆ ಕಡೆಯಿಂದ ಸುನೀತಾ ಕೇಳಿದಳು. “ನೆಲದ ಮ್ಯಾಲೆ ಏನ್ ಆರಿಸ್ತಿದ್ದಿ?”

“ಅಕ್ಕಿಕಾಳು ಕಣೇ. ನಿನಗೆ ಹಾಕಿದ್ದು. ನಿನ್ತನಕ ಬರಲಿಲ್ಲ, ಕುರ್ಚಿ ಹಿಂದ್ಲೇ ಬಿದ್ವು. ಮಂದಿ ತುಳೀತಾರೆ ಅಂತ ಆರಿಸ್ಕಂಡೆ.”

“ಆಮೇಲೆ?”

“ಆಮೇಲೇನು, ಗಂಟು ಕಟ್ಟಿ ಟ್ರಂಕಿನಾಗೆ ಇಟ್ಟೀನಿ. ಹಂಗೇ ಅದಾವೆ.”

ಆಮೇಲೆ ಸುನೀತಾ ಹೇಳಿದಳು, “ಸೋಮವಾರ ಬರ್ತೀನವ್ವ. ಬಾಗಿಲಾಗೆ ನಿಂದ್ರಬ್ಯಾಡ, ಹತ್ರ ಬಂದು ಹಾಕು.”